ಕ್ಯಾಮರ ಬದಲಿಸುವ ಮುನ್ನ

ಕಳೆದ ಬೇಸಗೆಯಲ್ಲಿ ಮೈಸೂರಿನ ಕಾಲೇಜು ವಿದ್ಯಾರ್ಥಿಯೊಬ್ಬನು ಒಂದು ಪ್ರಶ್ನೆಯನ್ನು ಹೊತ್ತು ನಮ್ಮಲ್ಲಿಗೆ ಬಂದನು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಿಂತು ಹಕ್ಕಿಗಳ ಛಾಯಾಚಿತ್ರ ತೆಗೆಯುವುದು ಆತನ ಹವ್ಯಾಸ. ಆತನಲ್ಲಿದ್ದುದು ನಿಕಾನ್ ಡಿ3400 ಎಂಬ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮರ, ಅದರೊಡನೆ ಬಂದ 18ರಿಂದ 55 ಮಿಲಿಮೀಟರಿನ ಚಿಕ್ಕ ಮಸೂರ, ಮತ್ತು ಸೋದರಮಾವನು ಕೊಟ್ಟ, 300 ಮಿಮೀ ಸಂಗಮದೂರದ, ಫಿಲ್ಮಿನ ಕಾಲದ ನಿಕಾನ್ ಮಸೂರ. ಮನೆಪಾಠ ಹೇಳಿ ಎರಡು ವರ್ಷ ಕೂಡಿಟ್ಟ ಹಣದಿಂದ ಮೇಲ್ತರಗತಿಯ ಕ್ಯಾಮರ ಕೊಳ್ಳಬೇಕೆಂಬುದು ಆತನ ಹಂಬಲ.

"ನನ್ನ ಗೆಳೆಯರದೆಲ್ಲ ಕ್ಯಾನನ್ ಕ್ಯಾಮರ, ಸಾರ್. ಅವರದು ಹಕ್ಕಿಯ ಮೇಲೆ ತಾನಾಗಿಯೇ ಫೋಕಸ್ ಆಗುತ್ತದೆ. ಮಾವನ ಮಸೂರ ಹಾಕಿದರೆ ನಾನು ಕೈಯಿಂದಲೇ ತಿರುಗಿಸಬೇಕು. ಅಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತದೆ. ಇದ್ದುದನ್ನೆಲ್ಲ ಮಾರಿ ನಾನೂ ಕ್ಯಾನನ್ ಕೊಳ್ಳಲೇ?" ಎಂದು ಕೇಳಿದನು.

ಇದು ಒಬ್ಬನ ಪ್ರಶ್ನೆಯಲ್ಲ. ಹಳೆಯ ಕ್ಯಾಮರವನ್ನು ಬಿಟ್ಟು ಹೊಸತನ್ನು ಕೊಳ್ಳಹೊರಟವರೆಲ್ಲರೂ ಒಂದಲ್ಲ ಒಂದು ದಿನ ಇದನ್ನು ಕೇಳಿಕೊಳ್ಳುವರು. ಗೆಳೆಯರನ್ನು ಕೇಳಿದರೆ ತಮ್ಮಲ್ಲಿರುವುದೇ ಶ್ರೇಷ್ಠವೆನ್ನುವರು. ಅಂಗಡಿಯಲ್ಲಿ ಕೇಳಿದರೆ ದಾಸ್ತಾನಿನಲ್ಲಿರುವುದು ಶ್ರೇಷ್ಠವಾಗುವುದು. ಆದರೆ ಪ್ರೌಢಶಾಲೆಯಲ್ಲಿ ನಾವು ಕಲಿತ ಬೆಳಕಿನ ಪಾಠವೇ ಈ ಪ್ರಶ್ನೆಗೆ ಬಹುಪಾಲು ಉತ್ತರವನ್ನು ಕೊಡಬಲ್ಲುದು. ಅದು ಹೇಗೆಂಬುದನ್ನು ಪರಿಶೀಲಿಸೋಣ.

ಒಡಲು ಮತ್ತು ಮಸೂರ

ಎಸ್‌ಎಲ್‌ಆರ್ ಕ್ಯಾಮರವನ್ನು ಒಂದು ವಸ್ತುವೆಂದು ಭಾವಿಸುವುದು ತಪ್ಪು. ಅದು ಎರಡು ವಸ್ತುಗಳ ಕೂಟ. ಹಿಂದಿನದು ಒಡಲು. ಬೆಳಕನ್ನು ಗ್ರಹಿಸುವ ಸಂವೇದಕ, ತೆರೆದು ಮುಚ್ಚುವ ಷಟರ್, ಮತ್ತು ಇವುಗಳ ಮುಂದೆ 45 ಡಿಗ್ರಿ ಓರೆಯಾಗಿ ನಿಂತ ಕನ್ನಡಿ ಇದರಲ್ಲಿವೆ. ಕನ್ನಡಿಯು ಬಿಂಬವನ್ನು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ತೋರಿಸುತ್ತದೆ. ಗುಂಡಿಯನ್ನು ಒತ್ತಿದ ಕೂಡಲೇ ಮಡಿಸಿಕೊಂಡು ಬೆಳಕಿಗೆ ದಾರಿ ಬಿಡುತ್ತದೆ. ಮುಂದಿನದು ಮಸೂರ. ಇವೆರಡನ್ನು ಕೂಡಿಸುವ ಲೋಹದ ಬಳೆಗೆ ಮೌಂಟ್ ಎಂದು ಹೆಸರು. ಒಂದು ಸಂಸ್ಥೆಯ ಮೌಂಟ್ ಇನ್ನೊಂದಕ್ಕೆ ಹೊಂದುವುದಿಲ್ಲ.

ಇವುಗಳಲ್ಲಿ ಬೇಗ ಹಳತಾಗುವುದು ಒಡಲು. ಇಲೆಕ್ಟ್ರಾನಿಕ್ ಭಾಗಗಳು ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿರುವುದರಿಂದ ಕೆಲವೇ ವರ್ಷಗಳಲ್ಲಿ ಅದರ ಬೆಲೆ ಇಳಿದುಹೋಗುತ್ತದೆ. ಗಾಜು ಹಾಗಲ್ಲ, ಬೂಷ್ಟು ಹಿಡಿಯದಂತೆ ಕಾಪಾಡಿಕೊಂಡ ಮಸೂರವು ಹತ್ತಾರು ವರ್ಷ ಬಾಳಬಲ್ಲುದು. ಚಿತ್ರದ ಗಾತ್ರವನ್ನು ನಿರ್ಣಯಿಸುವುದೂ ಮಸೂರವೇ. 28 ಸೆಂಟಿಮೀಟರ್ ಉದ್ದದ ಮಿಂಚುಳ್ಳಿಯೊಂದು 20 ಮೀಟರ್ ದೂರದಲ್ಲಿ ಕುಳಿತಿದೆಯೆಂದು ಭಾವಿಸಿ. ವಸ್ತುವಿನ ಉದ್ದವನ್ನು ಸಂಗಮದೂರದಿಂದ ಗುಣಿಸಿ ವಸ್ತುವಿನ ದೂರದಿಂದ ಭಾಗಿಸಿದರೆ ಬಿಂಬದ ಉದ್ದವು ಸ್ಥೂಲವಾಗಿ ಸಿಕ್ಕುತ್ತದೆ. 55 ಮಿಮೀ ಮಸೂರದಲ್ಲಿ ಅದು ಮುಕ್ಕಾಲು ಮಿಲಿಮೀಟರಿನಷ್ಟು. 300 ಮಿಮೀ ಮಸೂರದಲ್ಲಿ ಸುಮಾರು 4 ಮಿಲಿಮೀಟರ್. ಒಡಲಿನ ಮೇಲೆ ಯಾವ ಸಂಸ್ಥೆಯ ಹೆಸರಿದ್ದರೂ ಈ ಲೆಕ್ಕವು ಬದಲಾಗದು.

ಎರಡೂವರೆ ಮಿಲಿಮೀಟರಿನ ಅಂತರ

ಹಾಗಾದರೆ ಹಳೆಯ ಮಸೂರಗಳನ್ನು ಇಟ್ಟುಕೊಂಡು ಒಡಲನ್ನು ಮಾತ್ರ ಬೇರೆ ಸಂಸ್ಥೆಯದಾಗಿ ಕೊಳ್ಳಬಾರದೇಕೆ, ನಡುವೆ ಒಂದು ಉಂಗುರವನ್ನು ಸೇರಿಸಿದರೆ ಸಾಲದೆ ಎಂದು ವಾಚಕರು ಕೇಳಬಹುದು. ಇಲ್ಲಿಯೇ ಬೆಳಕಿನ ಪಾಠವು ನೆರವಿಗೆ ಬರುವುದು.

ಮೌಂಟಿನ ಮುಖದಿಂದ ಸಂವೇದಕದವರೆಗಿನ ದೂರವನ್ನು ಪ್ರತಿಯೊಂದು ಸಂಸ್ಥೆಯೂ ಖಚಿತವಾಗಿ ಗೊತ್ತುಮಾಡಿದೆ. ನಿಕಾನ್ ಎಸ್‌ಎಲ್‌ಆರ್‌ಗಳಲ್ಲಿ ಅದು 46.5 ಮಿಮೀ, ಕ್ಯಾನನ್ ಈಓಎಸ್ ಎಸ್‌ಎಲ್‌ಆರ್‌ಗಳಲ್ಲಿ 44 ಮಿಮೀ, ಪೆಂಟಾಕ್ಸ್‌ನಲ್ಲಿ 45.46 ಮಿಮೀ. ಅತಿ ದೂರದ ವಸ್ತುವಿನ ಬಿಂಬವು ಸರಿಯಾಗಿ ಸಂವೇದಕದ ಮೇಲೆ ಬೀಳುವಂತೆ ಮಸೂರವನ್ನು ಈ ದೂರಕ್ಕೆ ತಕ್ಕಂತೆ ರೂಪಿಸಿರುತ್ತಾರೆ.

ಈಗ ಕ್ಯಾನನ್‌ನ 50 ಮಿಮೀ ಮಸೂರವನ್ನು ಹೇಗೋ ನಿಕಾನ್ ಒಡಲಿನ ಮೇಲೆ ಕೂರಿಸಿದೆವೆಂದು ಇಟ್ಟುಕೊಳ್ಳೋಣ. ಅದು ಇರಬೇಕಾದುದಕ್ಕಿಂತ 2.5 ಮಿಮೀ ಮುಂದೆ ಕೂರುತ್ತದೆ. ಬಿಂಬದ ದೂರ 50ರ ಬದಲು 52.5 ಮಿಮೀ ಆಯಿತು. ವಸ್ತುದೂರದ ವಿಲೋಮವನ್ನೂ ಬಿಂಬದೂರದ ವಿಲೋಮವನ್ನೂ ಕೂಡಿಸಿದರೆ ಸಂಗಮದೂರದ ವಿಲೋಮವು ದೊರೆಯುವುದೆಂಬ ಸೂತ್ರವು ನಿಮಗೆ ಪರಿಚಿತವಷ್ಟೆ. ಅದರಂತೆ ವಸ್ತುದೂರವು 50 ಮತ್ತು 52.5ರ ಗುಣಲಬ್ಧವನ್ನು 2.5ರಿಂದ ಭಾಗಿಸಿದಷ್ಟು, ಎಂದರೆ 1050 ಮಿಮೀ. ಒಂದು ಮೀಟರಿಗಿಂತ ತುಸು ಆಚೆ ಇರುವ ಯಾವ ವಸ್ತುವೂ ಸ್ಫುಟವಾಗಿ ಮೂಡಲಾರದು! ಮೇಜಿನ ಮೇಲಿನ ಹೂವನ್ನು ತೆಗೆಯಬಹುದು. ಕೆರೆಯ ಆಚೆ ದಡದ ಕೊಕ್ಕರೆಯನ್ನು ತೆಗೆಯಲಾಗದು. ನಡುವಿನ ಉಂಗುರದಲ್ಲಿ ಇನ್ನೊಂದು ಗಾಜನ್ನು ಸೇರಿಸಿ ಇದನ್ನು ಸರಿಪಡಿಸಬಹುದಾದರೂ ಚಿತ್ರದ ಗುಣಕ್ಕೆ ಅದರಿಂದ ಕುಂದು ಬರುವುದುಂಟು.

ತಿರುಗುಮುರುಗಾಗಿ, ನಿಕಾನ್ ಮಸೂರವನ್ನು ಕ್ಯಾನನ್ ಒಡಲಿಗೆ ಸೇರಿಸುವುದು ಸುಲಭ. ಕೊರತೆಯಾದ 2.5 ಮಿಲಿಮೀಟರನ್ನು ಅಷ್ಟೇ ದಪ್ಪದ ಉಂಗುರವೊಂದು ತುಂಬಿಕೊಡುತ್ತದೆ. ಹೆಚ್ಚು ದೂರದ ಮೌಂಟಿನಿಂದ ಕಡಿಮೆ ದೂರದ ಮೌಂಟಿಗೆ ಹೋಗಬಹುದು, ಹಿಂದಿರುಗಲಾಗದು ಎಂಬುದನ್ನು ನಿಯಮವಾಗಿ ನೆನಪಿಡತಕ್ಕದ್ದು. ಆದರೆ ಬೆಳಕು ಸರಿಯಾಗಿ ಬಿದ್ದ ಮಾತ್ರಕ್ಕೆ ಎಲ್ಲವೂ ಕೂಡಿಬಂದಂತಲ್ಲ. ಒಡಲಿಗೂ ಮಸೂರಕ್ಕೂ ನಡುವೆ ನಡೆಯಬೇಕಾದ ಇತರ ವ್ಯವಹಾರಗಳಿವೆ. ಅವುಗಳನ್ನು ತಿಳಿಯಲು ಸ್ವಲ್ಪ ಇತಿಹಾಸವನ್ನು ನೋಡಬೇಕು.

ಎರಡು ಸಂಸ್ಥೆಗಳು, ಎರಡು ದಾರಿಗಳು

ನಿಕಾನ್ ಸಂಸ್ಥೆಯು 1959ರಲ್ಲಿ ಎಫ್ ಮೌಂಟನ್ನು ಹೊರತಂದಿತು. ತಾನಾಗಿಯೇ ಫೋಕಸ್ ಆಗುವ ಕ್ಯಾಮರಗಳ ಕಾಲ ಬಂದಾಗಲೂ ಅದನ್ನು ಕೈಬಿಡದೆ, 1986ರ ಎಫ್-501 ಕ್ಯಾಮರದಲ್ಲಿ ಒಡಲಿನೊಳಗೇ ಮೋಟಾರನ್ನು ಇರಿಸಿ, ಮೌಂಟಿನ ಅಂಚಿನಿಂದ ಹೊರಚಾಚುವ ಸಣ್ಣ ತಿರುಪಿನ ಮೂಲಕ ಮಸೂರವನ್ನು ತಿರುಗಿಸಿತು. ಮಸೂರದ ರಂಧ್ರವನ್ನು ಕಿರಿದುಗೊಳಿಸಲು ಒಂದು ಸನ್ನೆಯೂ ಇದ್ದಿತು. ಹಳೆಯ ಗ್ರಾಹಕರ ಮಸೂರಗಳು ಉಳಿದವು. ಆದರೆ ಯಂತ್ರದ ಜೋಡಣೆಗಳು ಒಂದರ ಮೇಲೊಂದು ಬೆಳೆದು ಜಟಿಲವಾದವು.

ಕ್ಯಾನನ್ ಸಂಸ್ಥೆಯು ಬೇರೆ ದಾರಿಯನ್ನು ಹಿಡಿಯಿತು. 1971ರಿಂದ ಬಳಕೆಯಲ್ಲಿದ್ದ ತನ್ನ ಎಫ್‌ಡಿ ಮೌಂಟನ್ನು ಬದಿಗಿರಿಸಿ, 1987ರಲ್ಲಿ ಈಎಫ್ ಎಂಬ ಹೊಸ ಮೌಂಟನ್ನು ತಂದಿತು. ಇದರಲ್ಲಿ ತಿರುಪೂ ಇಲ್ಲ, ಸನ್ನೆಯೂ ಇಲ್ಲ. ಎಲ್ಲ ಸಂದೇಶಗಳೂ ವಿದ್ಯುತ್ತಿನ ಮೂಲಕವೇ. ತಾನಾಗಿ ಫೋಕಸ್ ಆಗುವ ಪ್ರತಿಯೊಂದು ಮಸೂರದೊಳಗೂ ಅದರದೇ ಮೋಟಾರು ಇದೆ. ಮುಂದಾಲೋಚನೆಯಿಂದ ಕೂಡಿದ ಏರ್ಪಾಡೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎಫ್‌ಡಿ ಮೌಂಟಿನ ದೂರ 42 ಮಿಮೀ, ಹೊಸದರದು 44. ಮೇಲಿನ ಸೂತ್ರವನ್ನೇ ಬಳಸಿದರೆ, ಹಳೆಯ 50 ಮಿಮೀ ಮಸೂರವು ಹೊಸ ಒಡಲಿನ ಮೇಲೆ 1.3 ಮೀಟರಿನಾಚೆಗೆ ಕುರುಡು. ಆ ಗ್ರಾಹಕರು ಸಂಸ್ಥೆಯನ್ನು ಬದಲಿಸದಿದ್ದರೂ ಮಸೂರಗಳನ್ನೆಲ್ಲ ಬದಲಿಸಬೇಕಾಯಿತು.

ನಿಕಾನ್ ಬಳಗದಲ್ಲಿಯೂ ಎಲ್ಲವೂ ಎಲ್ಲದಕ್ಕೂ ಹೊಂದುವುದೆಂದಿಲ್ಲ. 2006ರ ಡಿ40 ಕ್ಯಾಮರದಿಂದ ಮೊದಲ್ಗೊಂಡು, ಹಗುರವಾದ ಅಗ್ಗದ ಒಡಲುಗಳಲ್ಲಿ ಆ ತಿರುಪಿನ ಮೋಟಾರನ್ನು ಇಡುವುದನ್ನು ಬಿಟ್ಟರು. ಮೋಟಾರನ್ನು ತಮ್ಮೊಳಗೇ ಹೊಂದಿರುವ ಹೊಸ ಮಸೂರಗಳಿಗೆ ಇದರಿಂದ ಬಾಧಕವಿಲ್ಲ. ಹಳೆಯ ಮಸೂರಗಳನ್ನು ಮಾತ್ರ ಕೈಯಿಂದ ತಿರುಗಿಸಬೇಕು.

ವಿದ್ಯಾರ್ಥಿಯ ಲೆಕ್ಕ

ಇಷ್ಟು ತಿಳಿದ ಬಳಿಕ ನಮ್ಮ ವಿದ್ಯಾರ್ಥಿಯ ತೊಡಕು ಬಿಡಿಸಿಕೊಂಡಿತು. ಮಾವನ ಮಸೂರವು ತಿರುಪಿನಿಂದ ತಿರುಗುವ ಬಗೆಯದು. ಡಿ3400 ಒಡಲಿನಲ್ಲಿ ಆ ತಿರುಪಿಲ್ಲ. ಕೊರತೆಯು ಸಂಸ್ಥೆಯದಲ್ಲ, ಈ ಎರಡರ ಜೋಡಿಯದು. ಆತನ ಮುಂದೆ ಮೂರು ದಾರಿಗಳಿದ್ದವು.

ಮೊದಲನೆಯದು, ಕ್ಯಾನನ್ ಒಡಲನ್ನು ಕೊಂಡು ಮಾವನ ಮಸೂರವನ್ನು ಉಂಗುರದಿಂದ ಸೇರಿಸುವುದು. ಬೆಳಕಿನ ಲೆಕ್ಕ ಸರಿಹೋಗುತ್ತದೆ. ಆದರೆ ಅಲ್ಲಿಯೂ ತಿರುಪಿಲ್ಲ, ರಂಧ್ರವನ್ನು ನಡೆಸುವ ಸನ್ನೆಯೂ ಇಲ್ಲ. ಫೋಕಸನ್ನೂ ರಂಧ್ರವನ್ನೂ ಕೈಯಿಂದಲೇ ನಡೆಸಬೇಕು. ಹಣ ವೆಚ್ಚವಾಗಿ, ಇದ್ದ ಸೌಕರ್ಯವೂ ಹೋದಂತಾಯಿತು. ಎರಡನೆಯದು, ಎಲ್ಲವನ್ನೂ ಮಾರಿ ಕ್ಯಾನನ್ ಒಡಲನ್ನೂ 300 ಮಿಮೀ ಮಸೂರವನ್ನೂ ಕೊಳ್ಳುವುದು. ಆಗ ಆತನ ಬಯಕೆ ಈಡೇರುವುದು ನಿಜ. ಆದರೆ ಕೂಡಿಟ್ಟ ಹಣ ಅದಕ್ಕೆ ಸಾಲದು. ಮೂರನೆಯದು, ತಿರುಪಿನ ಮೋಟಾರುಳ್ಳ ನಿಕಾನ್ ಒಡಲೊಂದನ್ನು, ಬೇರೊಬ್ಬರು ಬಳಸಿದುದಾದರೂ ಸರಿ, ಕೊಳ್ಳುವುದು. 2015ರಲ್ಲಿ ಹೊರಬಂದ ಡಿ7200 ಅಂಥದು. ಡಿ3400ರಂತೆ ಇದರಲ್ಲಿಯೂ 24 ದಶಲಕ್ಷ ಚಿತ್ರಬಿಂದುಗಳೇ. ಅಂಕಿಯನ್ನಷ್ಟೇ ನೋಡುವವರಿಗೆ ಇದು ಬಡ್ತಿಯಾಗಿ ಕಾಣಿಸದು. ಆದರೆ ಫೋಕಸ್ ಬಿಂದುಗಳು ಡಿ3400ರಲ್ಲಿ 11, ಇದರಲ್ಲಿ 51. ಅದಕ್ಕಿಂತ ಮುಖ್ಯವಾಗಿ, ತಿರುಪು ಇದೆ.

ಕನ್ನಡಿಯಿಲ್ಲದ ಹೊಸ ಕ್ಯಾಮರಗಳ ಮಾತೇನೆಂದು ಆತನು ಕೇಳಿದನು. ಅದೂ ಯುಕ್ತವಾದ ಪ್ರಶ್ನೆಯೇ. ಕನ್ನಡಿಗೆ ಸ್ಥಳ ಬಿಡಬೇಕಾದ ಅಗತ್ಯ ತಪ್ಪಿದುದರಿಂದ, 2018ರಲ್ಲಿ ಬಂದ ನಿಕಾನ್ ಜೆಡ್ ಮೌಂಟಿನ ದೂರ ಕೇವಲ 16 ಮಿಮೀ, ಕ್ಯಾನನ್ ಆರ್‌ಎಫ್ ಮೌಂಟಿನದು 20 ಮಿಮೀ. ಎಸ್‌ಎಲ್‌ಆರ್ ಮಸೂರಗಳನ್ನು ಇವುಗಳಿಗೆ ಉಂಗುರದಿಂದ ಸೇರಿಸಲು ಯಥೇಷ್ಟ ಸ್ಥಳವಿದೆ. ಆದರೆ ನಿಕಾನ್ ಸಂಸ್ಥೆಯೇ ತಯಾರಿಸಿದ ಎಫ್‌ಟಿಜೆಡ್ ಉಂಗುರದಲ್ಲಿಯೂ ತಿರುಪಿನ ಮೋಟಾರಿಲ್ಲ. ಮಾವನ ಮಸೂರಕ್ಕೆ ಅಲ್ಲಿಯೂ ಕೈಯೇ ಗತಿ. ಮಸೂರದೊಳಗೆ ಮೋಟಾರಿದ್ದಿದ್ದರೆ ನಮ್ಮ ಸಲಹೆ ಬೇರೆಯಾಗುತ್ತಿತ್ತು.

ಬದಲಾವಣೆ ಎಂದು ಯುಕ್ತ?

ಇದರಿಂದ ಸಂಸ್ಥೆಯನ್ನು ಎಂದಿಗೂ ಬದಲಿಸಕೂಡದೆಂದು ಅರ್ಥವಲ್ಲ. ಕ್ಯಾಮರದೊಡನೆ ಬಂದ ಒಂದೇ ಮಸೂರವುಳ್ಳವನು ನಿಶ್ಚಿಂತೆಯಿಂದ ಬದಲಿಸಬಹುದು. ಅವನು ಕಳೆದುಕೊಳ್ಳುವುದು ಅಲ್ಪ. ತನ್ನ ಕೆಲಸಕ್ಕೆ ಬೇಕಾದ ಮಸೂರ ಈಗಿನ ಬಳಗದಲ್ಲಿ ಇಲ್ಲದಿದ್ದರೂ, ಕಾಲೇಜಿನ ಸಂಘದಲ್ಲಿ ಬೇರೊಂದು ಬಳಗದ ಮಸೂರಗಳು ಎರವಲಾಗಿ ಸಿಕ್ಕುವಂತಿದ್ದರೂ ಬದಲಾವಣೆಗೆ ಕಾರಣವುಂಟು. ಬಳಗವೇ ಮುಗಿದುಹೋಗುವ ಪ್ರಸಂಗವೂ ಉಂಟು: ಕೊನಿಕಾ ಮಿನೋಲ್ಟಾ ಸಂಸ್ಥೆಯು 2006ರಲ್ಲಿ ಕ್ಯಾಮರ ಉದ್ಯಮದಿಂದ ಹಿಂದೆ ಸರಿದಾಗ ಆ ಮೌಂಟನ್ನು ಸೋನಿ ಸಂಸ್ಥೆ ಮುಂದುವರಿಸಿದ್ದರಿಂದ ಮಸೂರಗಳು ಆಗ ಅನಾಥವಾಗಲಿಲ್ಲ.

ಹೊರಡುವ ಮುನ್ನ ಎರಡು ಪರೀಕ್ಷೆಗಳು ಅವಶ್ಯ. ಚಿತ್ರವು ಮಸುಕಾಗಿದ್ದರೆ ಕಾರಣ ಯಾವುದೆಂದು ಮೊದಲು ನೋಡಿ. ಕೈ ನಡುಗಿದ್ದರೆ ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿರುತ್ತದೆ. ಹಕ್ಕಿ ಚಲಿಸಿದ್ದರೆ ಹಕ್ಕಿ ಮಾತ್ರ ಎಳೆದಂತಿದ್ದು ಕೊಂಬೆ ಸ್ಫುಟವಾಗಿರುತ್ತದೆ. ಫೋಕಸ್ ತಪ್ಪಿದ್ದರೆ ಹಕ್ಕಿಯ ಮುಂದಿನ ಅಥವಾ ಹಿಂದಿನ ಎಲೆ ಸ್ಫುಟವಾಗಿರುತ್ತದೆ. ಮೊದಲೆರಡಕ್ಕೆ ಮದ್ದು ಷಟರಿನ ವೇಗ ಮತ್ತು ಮುಕ್ಕಾಲಿ, ಹೊಸ ಕ್ಯಾಮರವಲ್ಲ. ಎರಡನೆಯದು, ಪೂರ್ಣ ಲೆಕ್ಕ. ಮುಕ್ಕಾಲಿ ಮತ್ತು ಸಾಮಾನ್ಯ ಮೆಮೊರಿ ಕಾರ್ಡು ಎಲ್ಲಿಯೂ ನಡೆದಾವು. ಮಸೂರ, ಬ್ಯಾಟರಿ, ಚಾರ್ಜರ್, ಫ್ಲಾಷ್ ಇವುಗಳನ್ನು ಮಾರಿದರೆ ಬರುವುದೆಷ್ಟು, ಹೊಸದಾಗಿ ಕೊಂಡರೆ ಹೋಗುವುದೆಷ್ಟು ಎಂಬುದನ್ನು ಬರೆದಿಡಬೇಕು. ಒಡಲಿನ ಬೆಲೆಯನ್ನು ಮಾತ್ರ ನೋಡಿ ಹೊರಡುವವನು ಅರ್ಧ ಲೆಕ್ಕದಲ್ಲೇ ಮೋಸಹೋಗುವನು.

ವಿದ್ಯಾರ್ಥಿಯು ಡಿ7200ನ್ನೇ ಕೊಂಡನು. ಕೊಳ್ಳುವ ಮುನ್ನ ಮಾವನ ಮಸೂರವನ್ನು ಅಂಗಡಿಗೆ ಒಯ್ದು ಕೂರಿಸಿ, ಬೀದಿಯಾಚೆಯ ಹಲಗೆಯ ಮೇಲೆ ಪರೀಕ್ಷಿಸಿದನಂತೆ. ಉಳಿದ ಹಣಕ್ಕೆ ಗಟ್ಟಿಯಾದ ಮುಕ್ಕಾಲಿಯೊಂದು ಬಂದಿತು. ಕಳೆದ ತಿಂಗಳು ಆತನು ತೋರಿಸಿದ ಮಿಂಚುಳ್ಳಿಯ ಇಪ್ಪತ್ತು ಚಿತ್ರಗಳಲ್ಲಿ ಆರು ಸ್ಫುಟವಾಗಿದ್ದವು. ಉಳಿದವುಗಳಲ್ಲಿ ತಪ್ಪಿದುದೇನೆಂದು ಆತನೇ ಹೇಳಬಲ್ಲವನಾಗಿದ್ದನು.

ಅಭ್ಯಾಸ

1. 100 ಮಿಮೀ ಸಂಗಮದೂರದ ಮಸೂರವು ಇರಬೇಕಾದುದಕ್ಕಿಂತ 2 ಮಿಮೀ ಮುಂದೆ ಕುಳಿತರೆ, ಸ್ಫುಟವಾಗಿ ಮೂಡಬಲ್ಲ ಅತಿ ದೂರದ ವಸ್ತು ಎಷ್ಟು ದೂರದಲ್ಲಿರುತ್ತದೆ?

2. ನಿಕಾನ್ ಎಫ್ ಮಸೂರವನ್ನು ಜೆಡ್ ಒಡಲಿಗೂ, ಕ್ಯಾನನ್ ಈಎಫ್ ಮಸೂರವನ್ನು ಆರ್‌ಎಫ್ ಒಡಲಿಗೂ ಸೇರಿಸುವ ಉಂಗುರಗಳ ದಪ್ಪವೆಷ್ಟಿರಬೇಕು?

ಉತ್ತರಗಳು: 1. 5.1 ಮೀಟರ್. 2. 30.5 ಮಿಮೀ ಮತ್ತು 24 ಮಿಮೀ.