ಹುಟ್ಟಿದ ನೆಲವೋ, ಹೆತ್ತವರ ದೇಶವೋ?



ಪೌರತ್ವದ ಪಾಠ ಮುಗಿದ ಮೇಲೆ ಒಂಬತ್ತನೇ ತರಗತಿಯಿಂದ ಒಂದು ಪ್ರಶ್ನೆ ಬಂತು. "ಸಾರ್, ಬೈಲಕುಪ್ಪೆ ಟಿಬೆಟಿನವರ ಮಕ್ಕಳು ಇಲ್ಲೇ ಹುಟ್ಟಿದಾರಲ್ಲ, ಅವರು ಭಾರತೀಯರು ಹೌದೋ ಅಲ್ವೋ?" ಪ್ರಶ್ನೆ ಚೆನ್ನಾಗಿದೆ. ಆದರೆ ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಮೊದಲು ಹುಟ್ಟಿದ ತಾರೀಖು ಕೇಳಬೇಕು. ಯಾಕೆ ಅಂತ ನೋಡೋಣ.

ಹುಟ್ಟಿದ ಮಗು ಯಾವ ದೇಶದ ಪ್ರಜೆ ಎಂದು ತೀರ್ಮಾನಿಸಲು ಪ್ರಪಂಚದಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಯಾವ ನೆಲದಲ್ಲಿ ಹುಟ್ಟಿತೋ ಆ ನೆಲದ ಪ್ರಜೆ ಎನ್ನುವುದು ಒಂದು. ಎಲ್ಲಾದರೂ ಹುಟ್ಟಲಿ, ತಂದೆ ತಾಯಿ ಯಾವ ದೇಶದವರೋ ಮಗುವೂ ಆ ದೇಶದ್ದೇ ಎನ್ನುವುದು ಇನ್ನೊಂದು. ಮೊದಲನೆಯದನ್ನು ನೆಲದ ಹಕ್ಕು ಅನ್ನೋಣ, ಎರಡನೆಯದನ್ನು ರಕ್ತದ ಹಕ್ಕು ಅನ್ನೋಣ. ಬಹಳ ದೇಶಗಳು ಎರಡನ್ನೂ ಅಷ್ಟಿಷ್ಟು ಬೆರೆಸಿಕೊಂಡಿವೆ.

ನೆಲದ ಹಕ್ಕಿಗೆ ಹೆಸರಾದ ದೇಶ ಅಮೆರಿಕ. ಅಲ್ಲಿನ ಸಂವಿಧಾನಕ್ಕೆ 1868ರಲ್ಲಿ ಆದ 14ನೇ ತಿದ್ದುಪಡಿಯಲ್ಲಿ ಈ ಮಾತು ಇದೆ. ಆದರೂ ವಾಂಗ್ ಕಿಮ್ ಆರ್ಕ್ ಎಂಬ ಅಡುಗೆ ಕೆಲಸದವನು ಇದಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಅವನು ಹುಟ್ಟಿದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಅಪ್ಪ ಅಮ್ಮ ಚೀನಾದವರು. ಚೀನಾಕ್ಕೆ ಹೋಗಿ 1895ರಲ್ಲಿ ವಾಪಸ್ ಬಂದಾಗ, "ನೀನು ಅಮೆರಿಕದವನಲ್ಲ" ಎಂದು ದಡಕ್ಕೆ ಇಳಿಯಲು ಬಿಡಲಿಲ್ಲ. ತಾನು ಹುಟ್ಟಿದ ಊರು ಕಣ್ಣೆದುರೇ ಇದೆ, ಈತ ಮಾತ್ರ ತಿಂಗಳುಗಟ್ಟಲೆ ಬಂದರಿನ ಹಡಗಿನಲ್ಲಿ! 1898ರಲ್ಲಿ ಕೋರ್ಟು 6-2 ಬಹುಮತದಿಂದ ಅವನು ಹುಟ್ಟಿನಿಂದಲೇ ಅಮೆರಿಕದ ಪ್ರಜೆ ಎಂದು ತೀರ್ಪು ಕೊಟ್ಟಿತು. ಅಕ್ರಮವಾಗಿ ಅಥವಾ ತಾತ್ಕಾಲಿಕವಾಗಿ ಬಂದಿರುವವರ ಮಕ್ಕಳಿಗೆ ಈ ಹಕ್ಕು ಇಲ್ಲ ಎಂದು 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಆದೇಶ ಹೊರಡಿಸಿದಾಗ, ವಿರೋಧಿಸಿದವರು ಕೋರ್ಟಿನ ಮುಂದೆ ಹಿಡಿದದ್ದು ಇದೇ ಹಳೆಯ ತೀರ್ಪನ್ನು.

ಜರ್ಮನಿ ಬಹುಕಾಲ ರಕ್ತದ ಹಕ್ಕನ್ನೇ ನಂಬಿತ್ತು. ಅಲ್ಲಿಗೆ ದುಡಿಯಲು ಬಂದ ಟರ್ಕಿಯವರ ಮಕ್ಕಳು ಅಲ್ಲೇ ಹುಟ್ಟಿ, ಜರ್ಮನ್ ಭಾಷೆ ಕಲಿತು ಬೆಳೆದರೂ ಕಾಗದದಲ್ಲಿ ವಿದೇಶಿಯರೇ. 2000ದ ಜನವರಿ 1ರಿಂದ ಕಾನೂನು ಸಡಿಲವಾಯಿತು. ತಂದೆ ತಾಯಿಯರಲ್ಲಿ ಒಬ್ಬರು ಎಂಟು ವರ್ಷ ಕಾನೂನುಬದ್ಧವಾಗಿ ನೆಲೆಸಿ ಕಾಯಂ ವಾಸದ ಹಕ್ಕು ಪಡೆದಿದ್ದರೆ ಮಗು ಜರ್ಮನ್ ಪ್ರಜೆ. 2024ರಲ್ಲಿ ಎಂಟನ್ನು ಐದಕ್ಕೆ ಇಳಿಸಿದರು.

ನಮ್ಮ ದೇಶ ನಡೆದದ್ದು ಇದಕ್ಕೆ ತಿರುಗುಮುರುಗು. 1955ರ ಪೌರತ್ವ ಕಾಯ್ದೆ ಮೊದಲು ಬಹಳ ಉದಾರವಾಗಿತ್ತು. 1950ರ ಜನವರಿ 26ರಿಂದ ಈಚೆಗೆ ಭಾರತದಲ್ಲಿ ಹುಟ್ಟಿದ್ದರೆ ಸಾಕು, ಅಪ್ಪ ಅಮ್ಮ ಯಾರೆಂದು ಕೇಳುತ್ತಿರಲಿಲ್ಲ. ವಿದೇಶಿ ರಾಯಭಾರಿಗಳ ಮಕ್ಕಳಂಥ ಒಂದೆರಡು ವಿನಾಯಿತಿ, ಅಷ್ಟೆ. ಆಮೇಲೆ ಬಾಂಗ್ಲಾದೇಶ, ಶ್ರೀಲಂಕಾ ಕಡೆಯಿಂದ ಬರುವವರು ಹೆಚ್ಚಾದರೆಂದು ಕಾಯ್ದೆ ಬಿಗಿಯಾಯಿತು. 1987ರ ಜುಲೈ 1ರಿಂದ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರಿಂದ ಇನ್ನೂ ಬಿಗಿ. ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಈಗ ಟಿಬೆಟಿನವರ ವಿಷಯ. ದಲೈ ಲಾಮಾ ಅವರು 1959ರಲ್ಲಿ ಭಾರತಕ್ಕೆ ಬಂದ ಮೇಲೆ, 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ಅವರ ಜನರಿಗೆ ಜಮೀನು ಕೊಟ್ಟರು. ಅಲ್ಲಿ ಮಕ್ಕಳು ಹುಟ್ಟಿದರು. 1987ರ ಜೂನ್ 30ರ ರಾತ್ರಿ ಒಂದು ಮನೆಯಲ್ಲಿ ಮಗು ಹುಟ್ಟಿತು, ಮಾರನೇ ದಿನ ಬೆಳಿಗ್ಗೆ ಪಕ್ಕದ ಮನೆಯಲ್ಲಿ ಇನ್ನೊಂದು ಹುಟ್ಟಿತು ಅಂದುಕೊಳ್ಳಿ. ಎರಡು ಮನೆಯವರೂ ಟಿಬೆಟಿನಿಂದ ಬಂದವರೇ. ಮೊದಲ ಮಗು ಭಾರತದ ಪ್ರಜೆ, ಎರಡನೆಯದು ವಿದೇಶಿ. ಅದು ದೊಡ್ಡದಾದ ಮೇಲೂ ವಿದೇಶಿಯರ ನೋಂದಣಿ ಪತ್ರ ಇಟ್ಟುಕೊಂಡು ಆಗಾಗ ನವೀಕರಿಸುತ್ತಿರಬೇಕು. ಓಟು ಇಲ್ಲ, ಭಾರತದ ಪಾಸ್‌ಪೋರ್ಟ್ ಇಲ್ಲ. ಅಪ್ಪ ಅಮ್ಮನ ದೇಶಕ್ಕೆ ಹೋಗೋಣವೆಂದರೆ ಅದನ್ನು ಬಿಟ್ಟೇ ಅವರು ಓಡಿ ಬಂದದ್ದು. ರಕ್ತದ ಹಕ್ಕು ನಿರಾಶ್ರಿತರ ಮಕ್ಕಳಿಗೆ ಕೆಲಸಕ್ಕೆ ಬಾರದಿರುವುದು ಇಲ್ಲೇ.

ಮೊದಲ ಮಗುವಿನ ದಾರಿಯೂ ಸಲೀಸಾಗಿರಲಿಲ್ಲ ಅನ್ನಿ. 1986ರಲ್ಲಿ ಹಿಮಾಚಲ ಪ್ರದೇಶದಲ್ಲಿ ಹುಟ್ಟಿದ ನಮ್‌ಗ್ಯಾಲ್ ಡೋಲ್ಕರ್ ಅವರಿಗೆ ಪಾಸ್‌ಪೋರ್ಟ್ ಸಿಗಲಿಲ್ಲ. ನೋಂದಣಿ ಪತ್ರದಲ್ಲಿ "ಟಿಬೆಟಿಯನ್" ಎಂದು ಬರೆಸಿದ್ದೀರಲ್ಲ ಎಂಬ ತಕರಾರು. ಕಾಯ್ದೆಯಿಂದ ಹುಟ್ಟಿನಲ್ಲೇ ಬಂದ ಪೌರತ್ವ ಹೀಗೆ ಬರೆಸಿದ್ದರಿಂದ ಹೋಗದು ಎಂದು ದೆಹಲಿ ಹೈಕೋರ್ಟು 2010ರಲ್ಲಿ ಹೇಳಿತು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೂ ಇದೇ ದಾರಿ ಹಿಡಿಯಿತು. 1987ರ ಜುಲೈಗೆ ಮೊದಲು ಹುಟ್ಟಿದವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಚುನಾವಣಾ ಆಯೋಗ 2014ರಲ್ಲಿ ಸೂಚಿಸಿತು. ಹುಟ್ಟಿದ ಊರು, ತಾರೀಖು ಇರುವ ಜನನ ಪ್ರಮಾಣಪತ್ರಕ್ಕೆ ಎಷ್ಟು ಬೆಲೆ ಎಂದು ಈಗ ತಿಳಿಯಿತಲ್ಲ. ಮಗು ಹುಟ್ಟಿದ 21 ದಿನದೊಳಗೆ ತಿಳಿಸಿದರೆ ನೋಂದಣಿಗೆ ಶುಲ್ಕವಿಲ್ಲ, ಮನೆಯಲ್ಲೂ ಹೇಳಿ.

ಕೊನೆಗೊಂದು ಲೆಕ್ಕ. ತಾಯಿ 1980ರಲ್ಲಿ ಬೈಲಕುಪ್ಪೆಯಲ್ಲಿ ಹುಟ್ಟಿದವಳು. ತಂದೆ ಟಿಬೆಟಿನಿಂದ ಬಂದವನು. ಇವರಿಗೆ 2001ರಲ್ಲಿ ಮಗಳು, 2006ರಲ್ಲಿ ಮಗ, ಇಬ್ಬರೂ ಇಲ್ಲೇ ಹುಟ್ಟಿದ್ದು. ಅಕ್ಕನಿಗೆ ಅಮ್ಮನ ಹುಟ್ಟಿದ ತಾರೀಖೇ ಸಾಕು. ತಮ್ಮನಿಗಾದರೆ, ಅಪ್ಪ ಗಡಿ ದಾಟಿ ಬಂದಾಗಿನ ಕಾಗದವನ್ನೂ ಹುಡುಕಬೇಕು.