ಶುದ್ಧ ತಳಿಯ ನಾಯಿ: ಕೊಳ್ಳುವ ಮುನ್ನ ವಂಶಾವಳಿ ಪರಿಶೀಲಿಸುವ ಕ್ರಮ

ಮೈಸೂರಿನಿಂದ ಊಟಿಗೆ ಹೋಗುವ ಹೆದ್ದಾರಿಯಲ್ಲಿ ನಂಜನಗೂಡು ದಾಟಿದ ಮೇಲೆ, ಗುಂಡ್ಲುಪೇಟೆ ಮುಟ್ಟುವ ಮುನ್ನ ಬೇಗೂರು ಸಿಗುತ್ತದೆ. ರಾಗಿ, ಜೋಳ, ಹುರುಳಿ, ಅರಿಶಿನ, ಚೆಂಡುಹೂ ಬೆಳೆಯುವ ಈ ಸೀಮೆಯಲ್ಲಿ ಬೇಸಾಯದ ಜೊತೆಗೆ ಹಸು, ಕುರಿ, ಮೇಕೆ ಸಾಕಣೆಯೂ ಉಂಟು. ತಾಲ್ಲೂಕಿನ ದಕ್ಷಿಣಕ್ಕೆ ಬಂಡೀಪುರದ ಕಾಡು ಇರುವುದರಿಂದ ಹೊಲಕ್ಕೆ ಹಂದಿ ಬೀಳುವುದು, ಕುರಿ ಹಟ್ಟಿಗೆ ಚಿರತೆ ಬರುವುದು ಇಲ್ಲಿಯ ರೈತರಿಗೆ ಹೊಸದಲ್ಲ. ಆದುದರಿಂದ ತೋಟದ ಮನೆಯ ಕಾವಲಿಗೆ ನಾಯಿ ಬೇಕೇ ಬೇಕು.

ಮೊದಲು ಊರ ನಾಯಿಯೇ ಈ ಕೆಲಸ ಮಾಡುತ್ತಿತ್ತು, ಈಗಲೂ ಮಾಡುತ್ತಿದೆ. ಆದರೆ ಈಚೆಗೆ 'ಜಾತಿ ನಾಯಿ' ತರುವ ಆಸೆ ಹಳ್ಳಿಗಳಿಗೂ ಬಂದಿದೆ. ಮುಧೋಳ, ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಮರಿಗಳನ್ನು ಸಾವಿರಾರು ರೂಪಾಯಿ ಕೊಟ್ಟು ತರುವವರಿದ್ದಾರೆ. ಮಾರುವವನು ಮರಿಯ ಜೊತೆಗೆ ಒಂದು ಕಾಗದವನ್ನೂ ಕೊಡುತ್ತಾನೆ. ಅದೇ ವಂಶಾವಳಿ ಪತ್ರ. ಕೆಲವರು ಅದನ್ನು ಓದದೆ ಪೆಟ್ಟಿಗೆಯಲ್ಲಿಡುತ್ತಾರೆ. ಓದಿ ಪರಿಶೀಲಿಸಿದ್ದರೆ ಉಳಿಯಬಹುದಾಗಿದ್ದ ಹಣವು ಮುಂದೆ ರೋಗಿಷ್ಠ ಮರಿಗಳ ಔಷಧಿಗೆ ಹೋಗುತ್ತದೆ. ಇಂದು ತಳಿ ಸಂಘಗಳ ದಾಖಲೆಗಳು ಅಂತರ್ಜಾಲದಲ್ಲಿ ದೊರೆಯುವುದರಿಂದ ಈ ಪರಿಶೀಲನೆಯನ್ನು ರೈತರು ಮನೆಯಲ್ಲಿಯೇ ಕುಳಿತು ಮಾಡಬಹುದು.

ವಂಶಾವಳಿ ಎಂದರೇನು?

'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಎಂಬುದು ಹಿರಿಯರ ಮಾತು. ಹೆಣ್ಣು ಗಂಡು ಕೂಡಿಸುವ ಮೊದಲು ಬಳಿ, ಬೆಡಗು, ಗೋತ್ರ ವಿಚಾರಿಸುವುದು ನಮ್ಮಲ್ಲಿ ರೂಢಿ. ಪ್ರಾಣಿಗಳಲ್ಲಿ ಈ ವಿಚಾರಣೆಯನ್ನು ಬರಹದಲ್ಲಿಟ್ಟರೆ ಅದೇ ವಂಶಾವಳಿ. ಮರಿಯ ತಂದೆ ತಾಯಿ 2, ಅಜ್ಜ ಅಜ್ಜಿಯರು 4, ಮುತ್ತಜ್ಜ ಮುತ್ತಜ್ಜಿಯರು 8. ಹೀಗೆ ಮೂರು ತಲೆಮಾರಿಗೆ 14 ಹೆಸರುಗಳು. ಐದು ತಲೆಮಾರು ಹಿಂದಕ್ಕೆ ಹೋದರೆ ಒಟ್ಟು 62 ಹೆಸರುಗಳಾಗುತ್ತವೆ.

ಇಂಗ್ಲೆಂಡಿನಲ್ಲಿ 1873ರಲ್ಲಿ ಕೆನ್ನೆಲ್ ಕ್ಲಬ್ ಸ್ಥಾಪನೆಯಾಗಿ, ಮರುವರ್ಷ ನಾಯಿಗಳ ವಂಶಾವಳಿ ಪುಸ್ತಕವನ್ನು ಹೊರತಂದಿತು. ನಮ್ಮ ದೇಶದಲ್ಲಿ ಚೆನ್ನೈಯಲ್ಲಿ ಕೇಂದ್ರ ಕಚೇರಿ ಇರುವ ಕೆನ್ನೆಲ್ ಕ್ಲಬ್ ಆಫ್ ಇಂಡಿಯಾ ಶುದ್ಧ ತಳಿಯ ನಾಯಿಗಳನ್ನು ನೋಂದಾಯಿಸುತ್ತದೆ. ಹಿಂದೆ ದಪ್ಪ ಪುಸ್ತಕಗಳಲ್ಲಿದ್ದ ಇಂತಹ ದಾಖಲೆಗಳನ್ನು ಈಗ ಗಣಕಯಂತ್ರದಲ್ಲಿಡಲಾಗುತ್ತಿದೆ.

ರಕ್ತಸಂಬಂಧದ ಅಪಾಯ

ಬೇಗೂರಿನ ಒಬ್ಬ ರೈತರು ಒಂದೇ ಸೂಲಿನ ಗಂಡು, ಹೆಣ್ಣು ಎರಡು ಮರಿಗಳನ್ನು ಜೋಡಿಯಾಗಿ ಕೊಳ್ಳಲು ಹೊರಟಿದ್ದಾರೆ ಎಂದಿಟ್ಟುಕೊಳ್ಳೋಣ. 'ಎರಡು ವರ್ಷ ಸಾಕಿ, ಮರಿ ಮಾಡಿಸಿ ಮಾರಿದರೆ ಹಾಕಿದ ದುಡ್ಡು ಬರುತ್ತದೆ' ಎಂದು ಮಾರುವವನು ಆಸೆ ಹುಟ್ಟಿಸುತ್ತಾನೆ. ಎರಡು ಮರಿಗಳೂ ಚೆಂದವಾಗಿವೆ, ಕಾಗದವೂ ಸರಿಯಾಗಿದೆ. ಆದರೂ ಇದು ನಷ್ಟದ ವ್ಯಾಪಾರ. ಏಕೆಂದರೆ ಅವು ಒಡಹುಟ್ಟಿದ ಅಣ್ಣ ತಂಗಿ.

ಹಲವು ಆನುವಂಶಿಕ ರೋಗಗಳು ಅಡಗಿ ಬರುತ್ತವೆ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ವಂಶವಾಹಿಗಳು ಜೋಡಿಯಾಗಿರುತ್ತವೆ. ಇಂತಹ ರೋಗಗಳಲ್ಲಿ ಒಂದು ವಂಶವಾಹಿ ಮಾತ್ರ ಕೆಟ್ಟಿದ್ದರೆ ನಾಯಿ ಆರೋಗ್ಯವಾಗಿಯೇ ಕಾಣುತ್ತದೆ. ಇಂತಹ ಎರಡು ನಾಯಿಗಳನ್ನು ಕೂಡಿಸಿದಾಗ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ರೋಗ ಬರುವ ಸಂಭವವಿರುತ್ತದೆ. ಲ್ಯಾಬ್ರಡಾರ್ ತಳಿಯಲ್ಲಿ ಕಣ್ಣಿನ ಅಕ್ಷಿಪಟಲ ನಿಧಾನವಾಗಿ ಕೆಟ್ಟು ಕುರುಡಾಗುವ ಒಂದು ರೋಗವು ಹೀಗೆಯೇ ಬರುತ್ತದೆ. ಒಂದೇ ರಕ್ತದ ನಾಯಿಗಳಲ್ಲಿ ಒಂದೇ ಕೆಟ್ಟ ವಂಶವಾಹಿ ಇರುವ ಸಂಭವ ಹೆಚ್ಚು. ಅದೂ ಅಲ್ಲದೆ ರಕ್ತಸಂಬಂಧದಲ್ಲಿ ಮೇಲಿಂದ ಮೇಲೆ ಮರಿ ಮಾಡಿಸಿದರೆ ಮರಿಗಳ ಸಂಖ್ಯೆ ಕಡಿಮೆಯಾಗುವುದು, ಎಳೆಯ ಮರಿಗಳು ಸಾಯುವುದು, ರೋಗ ನಿರೋಧಕ ಶಕ್ತಿ ಕುಗ್ಗುವುದು ಕಂಡುಬರುತ್ತದೆ.

ಈ ಅಪಾಯವನ್ನು ಅಳೆಯುವ ಲೆಕ್ಕವನ್ನು ಅಮೆರಿಕದ ವಿಜ್ಞಾನಿ ಸೀವಾಲ್ ರೈಟ್ 1922ರಲ್ಲಿ ತಿಳಿಸಿದರು. ಬಗೆಬಗೆಯ ಜೋಡಿಗಳಿಂದ ಹುಟ್ಟುವ ಮರಿಗಳಲ್ಲಿ ರಕ್ತಸಂಬಂಧದ ಪ್ರಮಾಣ ಈ ಕೆಳಕಂಡಂತಿರುತ್ತದೆ.

ತಂದೆ ಮತ್ತು ಮಗಳು, ತಾಯಿ ಮತ್ತು ಮಗ: ಶೇಕಡ 25
ಒಡಹುಟ್ಟಿದ ಅಣ್ಣ ಮತ್ತು ತಂಗಿ: ಶೇಕಡ 25
ಅಜ್ಜ ಮತ್ತು ಮೊಮ್ಮಗಳು: ಶೇಕಡ 12.5
ತಂದೆ ಒಬ್ಬನೇ ಆಗಿ ತಾಯಿ ಬೇರೆಯಾದವು: ಶೇಕಡ 12.5
ಅಣ್ಣ ತಮ್ಮಂದಿರ ಮಕ್ಕಳು ಪರಸ್ಪರ: ಶೇಕಡ 6.25

ಲೆಕ್ಕ ಮಾಡುವ ಸುಲಭ ವಿಧಾನ

ಮರಿಯ ತಂದೆಯ ಕಡೆ ಅಜ್ಜನ ಹೆಸರು 'ಭೀಮ' ಎಂದಿದೆ, ತಾಯಿಯ ಕಡೆ ಅಜ್ಜನ ಹೆಸರೂ 'ಭೀಮ' ಎಂದಿದೆ, ಎರಡಕ್ಕೂ ನೋಂದಣಿ ಸಂಖ್ಯೆ ಒಂದೇ ಎಂದಿಟ್ಟುಕೊಳ್ಳೋಣ. ತಂದೆಯಿಂದ ಹೊರಟು ಭೀಮನ ಮೂಲಕ ತಾಯಿಯವರೆಗೆ ಎಣಿಸಬೇಕು: ತಂದೆ, ಭೀಮ, ತಾಯಿ, ಒಟ್ಟು ಮೂರು. ನೂರನ್ನು ಮೂರು ಸಲ ಅರ್ಧ ಮಾಡಬೇಕು: 50, 25, 12.5. ಎಂದರೆ ಶೇಕಡ 12.5. ಅದೇ ಭೀಮ ಎರಡೂ ಕಡೆ ಮುತ್ತಜ್ಜನ ಸ್ಥಾನದಲ್ಲಿದ್ದರೆ ದಾರಿಯಲ್ಲಿ ಐದು ನಾಯಿಗಳಾಗುತ್ತವೆ. ನೂರನ್ನು ಐದು ಸಲ ಅರ್ಧ ಮಾಡಿದರೆ ಸುಮಾರು 3. ಎರಡೂ ಕಡೆ ಬರುವ ಹೆಸರುಗಳು ಒಂದಕ್ಕಿಂತ ಹೆಚ್ಚಿದ್ದರೆ ಒಂದೊಂದಕ್ಕೂ ಹೀಗೆಯೇ ಲೆಕ್ಕ ಹಾಕಿ ಕೂಡಿಸಬೇಕು. ಭೀಮನೇ ರಕ್ತಸಂಬಂಧದಲ್ಲಿ ಹುಟ್ಟಿದ್ದರೆ ಪ್ರಮಾಣ ಇನ್ನೂ ಹೆಚ್ಚುತ್ತದೆ. ಪ್ರಮಾಣ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಶೇಕಡ 12.5 ಹಾಗೂ ಅದಕ್ಕೆ ಮೇಲ್ಪಟ್ಟ ಮರಿಯನ್ನು ಕೊಳ್ಳದಿರುವುದು ಲೇಸು.

ಅಂತರ್ಜಾಲದಲ್ಲಿ ಪರಿಶೀಲಿಸುವ ಕ್ರಮ

1. ಮುಂಗಡ ಕೊಡುವ ಮೊದಲೇ ತಂದೆ ಮತ್ತು ತಾಯಿ ನಾಯಿಗಳ ನೋಂದಣಿ ಪತ್ರದ ನಕಲನ್ನು ಪಡೆಯಬೇಕು. ನಕಲು ಕೊಡಲು ಹಿಂಜರಿಯುವವರಿಂದ ಮರಿ ಕೊಳ್ಳಬಾರದು.

2. ಹೆಸರಿನಿಂದ ಹುಡುಕುವುದಕ್ಕಿಂತ ನೋಂದಣಿ ಸಂಖ್ಯೆಯಿಂದ ಹುಡುಕುವುದು ಲೇಸು. ಒಂದೇ ಹೆಸರಿನ ನಾಯಿಗಳು ಹಲವಿರುತ್ತವೆ. ಹೆಸರಿನಿಂದಲೇ ಹುಡುಕಬೇಕಾದರೆ ಪತ್ರದಲ್ಲಿರುವ ಇಂಗ್ಲಿಷ್ ಅಕ್ಷರಗಳನ್ನು ತಪ್ಪದೆ ಹಾಕಬೇಕು. ಒಂದು ಅಕ್ಷರ ವ್ಯತ್ಯಾಸವಾದರೂ ದಾಖಲೆ ಸಿಗದೆ ಹೋಗಬಹುದು.

3. ತಳಿಯ ಹೆಸರಿನಲ್ಲಿಯೂ ಎಚ್ಚರ ಬೇಕು. ಮುಧೋಳ ನಾಯಿಯನ್ನು ಕೆನ್ನೆಲ್ ಕ್ಲಬ್ ಆಫ್ ಇಂಡಿಯಾ 'ಕಾರವಾನ್ ಹೌಂಡ್' ಎಂಬ ಹೆಸರಿನಲ್ಲಿ ನೋಂದಾಯಿಸುತ್ತದೆ. ಇಂಡಿಯನ್ ನ್ಯಾಷನಲ್ ಕೆನ್ನೆಲ್ ಕ್ಲಬ್ 'ಮುಧೋಳ ಹೌಂಡ್' ಎನ್ನುತ್ತದೆ. ಒಂದು ಹೆಸರಿನಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ನೋಡಬೇಕು.

4. ದಾಖಲೆಯಲ್ಲಿ ತಂದೆಯ ಹೆಸರನ್ನು ಒತ್ತಿದರೆ ಅದರ ತಂದೆ ತಾಯಿ, ಅವುಗಳನ್ನು ಒತ್ತಿದರೆ ಮುಂದಿನ ತಲೆಮಾರು ತೆರೆದುಕೊಳ್ಳುತ್ತದೆ. ಹೆಸರುಗಳನ್ನು ದೊಡ್ಡ ಹಾಳೆಯ ಮೇಲೆ ಬರೆದುಕೊಳ್ಳುತ್ತಾ ಹೋಗಿ, ಎರಡೂ ಕಡೆ ಬರುವ ಹೆಸರಿಗೆ ಕೆಂಪು ಶಾಯಿಯಿಂದ ಗುರುತು ಹಾಕಬೇಕು. ಮೂರು ತಲೆಮಾರು ಅಗತ್ಯ, ಐದು ತಲೆಮಾರು ಉತ್ತಮ.

5. ತಾರೀಖುಗಳನ್ನು ಹೋಲಿಸಬೇಕು. ನಾಯಿಯ ಗಬ್ಬದ ಅವಧಿ ಸುಮಾರು 63 ದಿನ. ಹೆಣ್ಣು ನಾಯಿ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಮಾರ್ಚಿಯಲ್ಲಿ ಮರಿ ಹಾಕಿದ ನಾಯಿ ಅದೇ ವರ್ಷ ಜೂನಿನಲ್ಲಿ ಮತ್ತೆ ಹಾಕಿದೆ ಎಂದು ಪತ್ರ ಹೇಳಿದರೆ ಅದನ್ನು ನಂಬುವಂತಿಲ್ಲ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ 18 ತಿಂಗಳು ತುಂಬದ ಹೆಣ್ಣು ನಾಯಿಯಿಂದ ಮರಿ ಮಾಡಿಸುವಂತಿಲ್ಲ, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರುವವನು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು.

6. ಆರೋಗ್ಯದ ದಾಖಲೆ ನೋಡಬೇಕು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ತಳಿಗಳಲ್ಲಿ ಸೊಂಟದ ಕೀಲು ಸಡಿಲಗೊಂಡು ಕುಂಟು ಬರುವ ತೊಂದರೆ ಹೆಚ್ಚು. ಅಮೆರಿಕದಲ್ಲಿ 1966ರಲ್ಲಿ ಆರಂಭವಾದ ಪ್ರಾಣಿಗಳ ಮೂಳೆರೋಗ ಪ್ರತಿಷ್ಠಾನವು ಎಕ್ಸ್-ರೇ ಪರೀಕ್ಷೆಯ ಫಲಿತಾಂಶಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ನೋಡಲು ಇಟ್ಟಿದೆ. ಹೊರದೇಶದಿಂದ ಬಂದ ನಾಯಿಯ ವಂಶವಾದರೆ ಹಿರಿಯ ನಾಯಿಗಳ ಫಲಿತಾಂಶ ಅಲ್ಲಿ ಸಿಗಬಹುದು. ಆದರೆ ಕೆಟ್ಟ ಫಲಿತಾಂಶವನ್ನು ಮಾಲೀಕನ ಒಪ್ಪಿಗೆ ಇಲ್ಲದೆ ಪ್ರಕಟಿಸುವುದಿಲ್ಲ. ಆದ್ದರಿಂದ ದಾಖಲೆ ಇಲ್ಲ ಎಂದರೆ ರೋಗವಿಲ್ಲ ಎಂದು ಅರ್ಥವಲ್ಲ.

7. ಕೊನೆಯದಾಗಿ, ಪತ್ರವೂ ಮರಿಯೂ ಒಂದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಭುಜಗಳ ನಡುವೆ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಗಾತ್ರದ ಮೈಕ್ರೋಚಿಪ್ ಇಟ್ಟಿರುತ್ತಾರೆ. ಓದುವ ಉಪಕರಣವನ್ನು ಹಿಡಿದರೆ 15 ಅಂಕಿಗಳ ಸಂಖ್ಯೆ ಕಾಣುತ್ತದೆ. ಅದು ಪತ್ರದ ಸಂಖ್ಯೆಗೆ ಹೊಂದದಿದ್ದರೆ ವ್ಯಾಪಾರ ಬಿಡಬೇಕು.

ದಾಖಲೆಯ ಮಿತಿಗಳು

ಎಲ್ಲ ದಾಖಲೆಗಳೂ ಸಮನಲ್ಲ. ತಳಿ ಸಂಘವು ತಾನೇ ನೋಂದಾಯಿಸಿ ಇಟ್ಟ ದಾಖಲೆ ಒಂದು ಬಗೆ. ಆಸಕ್ತರು ತಮಗೆ ತಿಳಿದಂತೆ ಬರೆದು ಸೇರಿಸಿದ್ದು ಇನ್ನೊಂದು ಬಗೆ. ಎರಡನೆಯದರಲ್ಲಿ ತಪ್ಪುಗಳು ನುಸುಳುವುದು ಸಹಜ. ಒಂದು ಕಡೆ ಕಂಡದ್ದನ್ನು ಇನ್ನೊಂದು ಕಡೆ ಹೋಲಿಸಿಯೇ ನಂಬಬೇಕು. ಬೆದೆಗೆ ಬಂದ ನಾಯಿ ರಾತ್ರಿ ಬೇಲಿ ಹಾರಿ ಹೋಗಿದ್ದರೆ ಅದನ್ನು ಯಾವ ಗಣಕಯಂತ್ರವೂ ಹೇಳಲಾರದು. ಸಂಶಯ ಬಂದಲ್ಲಿ ಡಿಎನ್‌ಎ ಪರೀಕ್ಷೆಯಿಂದ ಮಾತ್ರ ತಂದೆ ಯಾರೆಂದು ತಿಳಿಯಬಹುದು.

ವಂಶಾವಳಿ ಇಲ್ಲದ ನಾಯಿಯೆಲ್ಲ ಕೀಳು ಎಂದೂ ತಿಳಿಯಬಾರದು. ಮುಧೋಳ ಸೀಮೆಯ ಹಳ್ಳಿಗಳಲ್ಲಿ ಕುರುಬರೂ ರೈತರೂ ಬರಹವಿಲ್ಲದೆ ನೆನಪಿನಲ್ಲಿಯೇ ತಳಿಯನ್ನು ಕಾಪಾಡಿಕೊಂಡು ಬಂದಿದ್ದಾರೆ. ಮುಧೋಳದ ಘೋರ್ಪಡೆ ಅರಸರು ಇದನ್ನು ಪೋಷಿಸಿದರು. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರವಿರುವ ಅಂಚೆಚೀಟಿ ಹೊರತಂದಿತು. 2016ರಲ್ಲಿ ಮೀರತ್ತಿನ ಸೇನಾ ಕೇಂದ್ರವು ತರಬೇತಿಗಾಗಿ ಮುಧೋಳದ ಮರಿಗಳನ್ನು ಪಡೆಯಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವು ಮುಧೋಳದ ಬಳಿ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವನ್ನು ಸ್ಥಾಪಿಸಿದೆ. ಈ ತಳಿಯ ಮರಿ ಬೇಕಾದವರು ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು. ಹಳ್ಳಿಯಿಂದಲೇ ಕೊಳ್ಳುವುದಾದರೆ ತಾಯಿಯನ್ನು ಕಣ್ಣಾರೆ ನೋಡಬೇಕು. ತಂದೆ ಯಾವ ಮನೆಯದು ಎಂದು ಕೇಳಿ, ಅಂದೇ ಬರೆದಿಟ್ಟುಕೊಳ್ಳಬೇಕು. ಆ ಮರಿಯ ವಂಶಾವಳಿ ಅಲ್ಲಿಂದಲೇ ಆರಂಭವಾಗುತ್ತದೆ.

ಕಾಡಂಚಿನವರಿಗೆ ಒಂದು ಎಚ್ಚರಿಕೆ

ಮುಧೋಳ ನಾಯಿ ಕಣ್ಣಿನಿಂದ ಗುರುತಿಸಿ ಓಡಿ ಹಿಡಿಯುವ ಬೇಟೆ ತಳಿ. ಓಡುವ ಮೊಲ, ಜಿಂಕೆ ಕಂಡರೆ ಬೆನ್ನಟ್ಟುವುದು ಅದರ ರಕ್ತದಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಬೇಟೆ ಅಪರಾಧ. ಬಂಡೀಪುರದ ಆಸುಪಾಸಿನಲ್ಲಿ ಇಂತಹ ನಾಯಿಯನ್ನು ಕಟ್ಟಿ ಇಲ್ಲವೆ ಬೇಲಿಯೊಳಗೇ ಸಾಕತಕ್ಕದ್ದು. ಹುಚ್ಚು ರೋಗಕ್ಕೂ ಡಿಸ್ಟೆಂಪರ್ ರೋಗಕ್ಕೂ ತಪ್ಪದೆ ಲಸಿಕೆ ಹಾಕಿಸಬೇಕು. ಈ ರೋಗಗಳು ಸಾಕುನಾಯಿಯಿಂದ ಕಾಡಿನ ಸೀಳುನಾಯಿಗಳಿಗೂ ಹರಡಬಲ್ಲವು.

ಕೊಟ್ಟಿಗೆಗೂ ಇದೇ ಪಾಠ

ನಾಯಿಗೆ ಹೇಳಿದ ಲೆಕ್ಕ ಹಸುವಿಗೂ ಅನ್ವಯಿಸುತ್ತದೆ. ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಕಡಸಿಗೆ ಮುಂದೆ ಅದೇ ಹೋರಿಯ ವೀರ್ಯವನ್ನೇ ಕೊಡಿಸಿದರೆ ಅದು ತಂದೆ ಮಗಳ ಸಂಬಂಧ. ಕರುವಿನಲ್ಲಿ ಶೇಕಡ 25. ಹೀಗಾಗುವುದು ಬೇಕೆಂದಲ್ಲ, ಬರೆದಿಡದ ಕಾರಣದಿಂದ. ವೀರ್ಯ ನಳಿಕೆಯ ಮೇಲೆ ಹೋರಿಯ ಸಂಖ್ಯೆ ಅಚ್ಚಾಗಿರುತ್ತದೆ. ಹಸುವಿನ ಕಿವಿಯೋಲೆಯಲ್ಲಿ 12 ಅಂಕಿಗಳ ಸಂಖ್ಯೆ ಇರುತ್ತದೆ. ಕೇಂದ್ರ ಸರ್ಕಾರದ ಭಾರತ್ ಪಶುಧನ್ ದಾಖಲೆಯಲ್ಲಿ ಈ ಸಂಖ್ಯೆಗಳನ್ನು ಸೇರಿಸಲಾಗುತ್ತದೆ. ರೈತರು ಇವೆರಡನ್ನೂ ತಾರೀಖಿನೊಡನೆ ತಮ್ಮ ಪುಸ್ತಕದಲ್ಲಿಯೂ ಬರೆದಿಟ್ಟುಕೊಳ್ಳಬೇಕು. ಕಡಸು ಬೆದೆಗೆ ಬಂದಾಗ ಆ ಪುಸ್ತಕವನ್ನು ಪಶುವೈದ್ಯರಿಗೆ ತೋರಿಸಿ ಬೇರೆ ಹೋರಿಯ ವೀರ್ಯವನ್ನು ಕೇಳಬೇಕು.

ಬೇಗೂರಿನ ರೈತರು ಜೋಡಿ ಮರಿಯ ಬದಲು ಒಂದೇ ಮರಿಯನ್ನು ಕೊಂಡು, ಎರಡು ವರ್ಷದ ನಂತರ ಬೇರೆ ವಂಶದ ಜೋಡಿಯನ್ನು ಹುಡುಕಿದರೆ ತಡವಾದರೂ ನಷ್ಟವಾಗುವುದಿಲ್ಲ. ವಂಶಾವಳಿ ಪತ್ರವು ಗೋಡೆಗೆ ತೂಗುಹಾಕುವ ಪ್ರಶಸ್ತಿಯಲ್ಲ. ಪಹಣಿ ನೋಡದೆ ಹೊಲ ಕೊಳ್ಳದ ರೈತರು ವಂಶ ನೋಡದೆ ಮರಿ ಕೊಳ್ಳಬಾರದು.