ಅಸ್ವಸ್ಥ ಮಗುವಿನ ಪಾಲನೆ ಮತ್ತು ಕಾನೂನು

ಮಕ್ಕಳ ಚಿಕಿತ್ಸೆಗೆ ಆಯುರ್ವೇದದಲ್ಲಿ ‘ಕೌಮಾರಭೃತ್ಯ’ವೆಂದು ಹೆಸರು. ಭರಣ, ಪೋಷಣೆ ಎಂಬ ಅರ್ಥ ಆ ಹೆಸರಿನಲ್ಲಿಯೇ ಅಡಗಿದೆ. ಔಷಧವಷ್ಟೇ ಸಾಲದು, ಅದನ್ನು ವೇಳೆಗೆ ಸರಿಯಾಗಿ ಕೊಡುವವರೂ ಬೇಕು. ದಂಪತಿಗಳು ಬೇರೆಯಾದಾಗ ಅಸ್ವಸ್ಥ ಮಗುವಿಗೆ ಮೊದಲು ತಪ್ಪುವುದು ಈ ನಿತ್ಯಕ್ರಮವೇ.

ಸದ್ಭಕ್ತರು ಈ ಸಂಬಂಧದ ಕಾನೂನನ್ನು ತಿಳಿದಿರುವುದು ಒಳಿತು. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮವು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಅದರಂತೆ 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದು. ಆದರೆ ಪಾಲಕರನ್ನು ನಿಶ್ಚಯಿಸುವಾಗ ಮಗುವಿನ ಕ್ಷೇಮವೇ ಎಲ್ಲಕ್ಕಿಂತ ಮಿಗಿಲೆಂದು 13ನೆಯ ಕಲಂ ವಿಧಿಸುತ್ತದೆ. ಆದ್ದರಿಂದ ಆದಾಯ ಯಾರದು ಹೆಚ್ಚು ಎಂಬುದೊಂದೇ ನಿರ್ಣಾಯಕವಲ್ಲ. ಚಿಕಿತ್ಸೆ ಯಾರ ಬಳಿ ತಪ್ಪದೆ ನಡೆಯುತ್ತದೆ ಎಂಬುದೂ ಮುಖ್ಯ. 1984ರ ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮದಂತೆ ನ್ಯಾಯಾಲಯವು ವೈದ್ಯರ ನೆರವನ್ನೂ ಪಡೆಯಬಹುದು. ಪರಿಸ್ಥಿತಿ ಬದಲಾದರೆ ಪಾಲನೆಯ ಆದೇಶವನ್ನು ಮಾರ್ಪಡಿಸಲು ಕೋರಬಹುದು. ಅಂಗವೈಕಲ್ಯವಿದೆ ಎಂಬ ಕಾರಣದಿಂದ ಮಗುವನ್ನು ನ್ಯಾಯಾಲಯದ ಆದೇಶವಿಲ್ಲದೆ ತಂದೆತಾಯಿಗಳಿಂದ ಅಗಲಿಸಬಾರದೆಂದು 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮ ಹೇಳುತ್ತದೆ.

ಆದುದರಿಂದ ಪಾಲಕರು ಮಗುವಿಗೊಂದು ಪುಸ್ತಕವನ್ನಿಡಬೇಕು. ಔಷಧದ ಹೆಸರು, ಪ್ರಮಾಣ, ವೇಳೆ, ಫಿಟ್ಸ್ ಬಂದ ದಿನ, ವೈದ್ಯರ ಸಲಹೆ ಇವೆಲ್ಲವೂ ಅದರಲ್ಲಿರಲಿ. ಮಗು ಯಾವ ಮನೆಗೆ ಹೋದರೂ ಪುಸ್ತಕ ಮತ್ತು ಔಷಧ ಜೊತೆಗೇ ಹೋಗಲಿ. ಮೂರ್ಛೆರೋಗದ ಮಾತ್ರೆಯನ್ನಾಗಲಿ, ಬಾಲ್ಯದ ಮಧುಮೇಹಕ್ಕೆ ಕೊಡುವ ಇನ್ಸುಲಿನ್ನನ್ನಾಗಲಿ ಮನೆ ಬದಲಾಯಿತೆಂದು ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಕಷಾಯ, ಚೂರ್ಣಗಳು ಇನ್ಸುಲಿನ್‌ಗೆ ಬದಲಾಗಲಾರವೆಂದು ಆಯುರ್ವೇದ ವೈದ್ಯನಾಗಿಯೇ ಒತ್ತಿ ಹೇಳುತ್ತೇನೆ.

ಮಗುವಿಗೆ 18 ತುಂಬಿದೊಡನೆ ತಂದೆತಾಯಿಗಳ ಪಾಲಕತ್ವ ಕಾನೂನಿನಲ್ಲಿ ಮುಗಿಯುತ್ತದೆ ಎಂಬುದು ಅನೇಕರಿಗೆ ತಿಳಿಯದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಉಳ್ಳವರಿಗೆ 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಯು ಪಾಲಕರನ್ನು ನೇಮಿಸುತ್ತದೆ. ದೈಹಿಕ ಅಥವಾ ಮಾನಸಿಕ ನ್ಯೂನತೆಯಿಂದ ದುಡಿಯಲಾರದ ಮಕ್ಕಳು, ವಿವಾಹಿತ ಮಗಳ ಹೊರತು, ಪ್ರಾಪ್ತವಯಸ್ಕರಾದ ಮೇಲೂ ಜೀವನಾಂಶಕ್ಕೆ ಅರ್ಹರು.

ಇಂಥ ಮನೆಯ ಹಿರಿಯರು ರಾಜಿಗೆ ಕುಳಿತಾಗ ಮಗುವಿನ ಚಿಕಿತ್ಸೆಯ ದಿನಚರಿಯನ್ನು ಮೊದಲು ಬರೆಯಿಸಲಿ. ಭೇಟಿಯ ದಿನಗಳನ್ನು ಅದಕ್ಕೆ ಹೊಂದಿಸಿ ಗೊತ್ತುಮಾಡಲಿ. ಇಬ್ಬರೂ ಅದಕ್ಕೆ ಸಹಿ ಹಾಕಿ, ಒಂದು ಪ್ರತಿಯನ್ನು ಚಿಕಿತ್ಸಕರಿಗೂ ಒಪ್ಪಿಸಲಿ.